ಕಮ್ಯುನಿಟಿ ಕಾಲೇಜಿನ ಕ್ರೆಡಿಟ್ ವ್ಯರ್ಥವಾಗದಂತೆ ಡಿಗ್ರಿಗೆ ಸೇರಿಸುವುದು ಹೇಗೆ

ಅಮೆರಿಕದಲ್ಲಿ ಡಿಗ್ರಿಯ ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಸ್ಥಳೀಯ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ ಓದಿ, ಉಳಿದ ಎರಡು ವರ್ಷಕ್ಕೆ ಸರ್ಕಾರಿ ವಿಶ್ವವಿದ್ಯಾಲಯ ಸೇರಬಹುದು. ಖರ್ಚು ಎಷ್ಟೋ ಕಡಿಮೆ. ಕೊನೆಗೆ ಕೈಗೆ ಬರುವುದು ವಿಶ್ವವಿದ್ಯಾಲಯದ್ದೇ ಡಿಗ್ರಿ. ದಾರಿ ಒಳ್ಳೆಯದು, ನಾನೇ ಅದರಲ್ಲಿ ಹೋದವಳು. ಮೈಸೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಮದುವೆಯಾಯಿತು. ಎಚ್-4 ವೀಸಾದಲ್ಲಿ, ಅಂದರೆ ಅಲ್ಲಿ ಎಚ್ ಕೆಲಸದ ವೀಸಾದಲ್ಲಿರುವವರ ಗಂಡ, ಹೆಂಡತಿ, ಮಕ್ಕಳಿಗೆ ಸಿಗುವ ವೀಸಾದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದೆ. ಕ್ಯುಪರ್ಟಿನೋದ ಡಿ ಅಂಜಾ ಕಾಲೇಜಿನಲ್ಲಿ ಓದಿ, ಸ್ಯಾನ್ ಹೊಸೆ ಸ್ಟೇಟ್‌ಗೆ ಟ್ರಾನ್ಸ್‌ಫರ್ ಆಗಿ ಡಿಗ್ರಿ ಮುಗಿಸಿದೆ. ಈಗ ಮತ್ತೆ ಕುವೆಂಪುನಗರದಲ್ಲಿದ್ದೇವೆ. ಭಾನುವಾರ ಬಂತೆಂದರೆ ಯಾರಾದರೊಬ್ಬರು ಮಕ್ಕಳ ಮಾರ್ಕ್ಸ್ ಕಾರ್ಡ್ ಹಿಡಿದು ಮನೆಗೆ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, "ಕ್ರೆಡಿಟ್ ಎಲ್ಲಾ ಟ್ರಾನ್ಸ್‌ಫರ್ ಆಗುತ್ತಾ ಮೇಡಂ?" ಕ್ರೆಡಿಟ್ ಅಂದರೆ ಒಂದು ಕೋರ್ಸು ಮುಗಿಸಿದ್ದಕ್ಕೆ ಡಿಗ್ರಿಯ ಕಡೆಗೆ ಸಿಗುವ ಲೆಕ್ಕ. ಏಜೆಂಟರು "ಎಲ್ಲಾ ಆಗುತ್ತೆ" ಅಂದಿರುತ್ತಾರೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಕ್ರೆಡಿಟ್ ಟ್ರಾನ್ಸ್‌ಫರ್ ಆಗುವುದು ಬೇರೆ, ಅದು ನಿಮ್ಮ ಡಿಗ್ರಿಯ ಲೆಕ್ಕಕ್ಕೆ ಬರುವುದು ಬೇರೆ. ಈ ಒಂದು ವ್ಯತ್ಯಾಸ ತಿಳಿಯದೆ ಹೋಗಿ, ಎರಡು ವರ್ಷದ ಓದಿನ ಮೇಲೆ ಮತ್ತೆ ಮೂರು ವರ್ಷ ಓದಿದ ಮಕ್ಕಳನ್ನು ನೋಡಿದ್ದೇನೆ. ಅಷ್ಟೂ ದುಡ್ಡು ಮನೆಯವರದ್ದು.

ನಮ್ಮಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರುತ್ತಾನೆ. ಮೊದಲ ವರ್ಷ ಇಡಿಯಾಗಿ ಬಿಟ್ಟುಕೊಡುತ್ತಾರೆ. ಅಲ್ಲಿ ಹಾಗಿಲ್ಲ. ಒಂದೊಂದು ಕೋರ್ಸನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ನೀವು ಓದಿದ ಕೋರ್ಸು ಮೂರು ಕಡೆ ಎಲ್ಲಾದರೂ ಹೋಗಿ ಕೂರಬಹುದು. ನಿಮ್ಮ ಮೇಜರ್‌ಗೆ, ಅಂದರೆ ಮುಖ್ಯ ವಿಷಯಕ್ಕೆ ಬೇಕಾದ ಕೋರ್ಸಾಗಿ ಕೂರಬಹುದು. ಎಲ್ಲರೂ ಓದಲೇಬೇಕಾದ ಜನರಲ್ ಎಜುಕೇಷನ್‌ಗೆ ಹೋಗಬಹುದು. ಎರಡೂ ಇಲ್ಲದಿದ್ದರೆ ಎಲೆಕ್ಟಿವ್. ಎಲೆಕ್ಟಿವ್ ಆಗಿ ಹೋದದ್ದು ಒಟ್ಟು ಯೂನಿಟ್‌ಗೆ (ಕ್ರೆಡಿಟ್ ಎಣಿಸುವ ಅಳತೆ ಯೂನಿಟ್) ಸೇರುತ್ತದೆ ಅಷ್ಟೆ. ನೀವು ಮುಂದೆ ಓದಬೇಕಾದದ್ದು ಅದರಿಂದ ಕಡಿಮೆಯಾಗುವುದಿಲ್ಲ. 60 ಯೂನಿಟ್ ಪೂರ್ತಿ ಟ್ರಾನ್ಸ್‌ಫರ್ ಆಗಿಯೂ ಮೇಜರ್‌ನ ಮೊದಲ ವರ್ಷದ ಕೋರ್ಸುಗಳು ಹಾಗೇ ಬಾಕಿ ಉಳಿಯುವುದು ಹೀಗೆ.

ಹಾಗಾಗಿ ಕಮ್ಯುನಿಟಿ ಕಾಲೇಜಿನ ಮೊದಲ ಟರ್ಮಿಗೆ ಕೋರ್ಸು ಆರಿಸುವ ಮೊದಲೇ, ಡಿಗ್ರಿ ಎಲ್ಲಿ, ಯಾವ ವಿಷಯದಲ್ಲಿ ಅನ್ನುವುದು ಹೆಚ್ಚುಕಡಿಮೆ ತೀರ್ಮಾನವಾಗಿರಬೇಕು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರಬೇಕು.

ನಾನು ಕ್ಯಾಲಿಫೋರ್ನಿಯಾದ ವಿಷಯವನ್ನೇ ವಿವರವಾಗಿ ಹೇಳುತ್ತೇನೆ. ಅಲ್ಲಿ 1960ರ ಮಾಸ್ಟರ್ ಪ್ಲಾನ್ ಸರ್ಕಾರಿ ಉನ್ನತ ಶಿಕ್ಷಣವನ್ನು ಮೂರು ಹಂತ ಮಾಡಿತು. ಕಮ್ಯುನಿಟಿ ಕಾಲೇಜುಗಳು ಒಂದು, ಈಗ 116 ಇವೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯು, ಇನ್ನೊಂದು. ಸ್ಯಾನ್ ಹೊಸೆ ಸ್ಟೇಟ್ ಇದರಲ್ಲಿ ಬರುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಮೂರನೆಯದು. ಬರ್ಕ್ಲಿ, ಲಾಸ್ ಏಂಜಲೀಸ್, ಡೇವಿಸ್ ಎಲ್ಲ ಇದರ ಕ್ಯಾಂಪಸ್‌ಗಳು. ಡಿಗ್ರಿ ಓದುವುದಕ್ಕೆ ಅಂತ ಇರುವುದು ಒಂಬತ್ತು. ಸಿಎಸ್‌ಯು ಮತ್ತು ಯುಸಿ ನಿಯಮಗಳು ಬೇರೆ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಓದಬೇಡಿ.

ಅಸಿಸ್ಟ್ ಡಾಟ್ ಆರ್ಗ್ ಓದುವ ಬಗೆ

ಕ್ಯಾಲಿಫೋರ್ನಿಯಾದ ಎಲ್ಲ ಸರ್ಕಾರಿ ಕಾಲೇಜುಗಳ ನಡುವಿನ ಒಪ್ಪಂದ ಒಂದೇ ಕಡೆ ಸಿಗುತ್ತದೆ. ಅದು ಅಸಿಸ್ಟ್ ಡಾಟ್ ಆರ್ಗ್. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ, ಮೈಸೂರಿನಲ್ಲಿ ಕೂತೇ ನೋಡಬಹುದು. ನನ್ನ ಅಕ್ಕನ ಮಗ ಮಂಡ್ಯದವನು, ಪಿಯುಸಿ ಸೈನ್ಸ್ ಮುಗಿಸಿದ್ದಾನೆ, ಕಂಪ್ಯೂಟರ್ ಸೈನ್ಸ್ ಓದುವ ಆಸೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ತೆರೆದದ್ದು ಇದನ್ನೇ.

ಯಾವ ವರ್ಷ, ಯಾವ ಕಾಲೇಜಿನಿಂದ, ಯಾವ ವಿಶ್ವವಿದ್ಯಾಲಯಕ್ಕೆ ಅಂತ ಕೇಳುತ್ತದೆ. ಆಮೇಲೆ ಮೇಜರ್ ಆರಿಸಬೇಕು. ಆಗ ಒಂದು ಪುಟ ತೆರೆಯುತ್ತದೆ. ಎಡಗಡೆ ವಿಶ್ವವಿದ್ಯಾಲಯದ ಕೋರ್ಸು. ಬಲಗಡೆ ಅದಕ್ಕೆ ಸಮ ಅಂತ ಒಪ್ಪಿಕೊಂಡಿರುವ ನಿಮ್ಮ ಕಾಲೇಜಿನ ಕೋರ್ಸು. ಇದನ್ನೇ ಆರ್ಟಿಕ್ಯುಲೇಷನ್ ಅಗ್ರಿಮೆಂಟ್ ಅನ್ನುತ್ತಾರೆ. ಇದನ್ನು ಸುಮ್ನೆ ಕಣ್ಣಾಡಿಸಿ ಬಿಡಬೇಡಿ. ಕೆಲವು ಸಾಲುಗಳ ನಡುವೆ "ಆ್ಯಂಡ್" ಇರುತ್ತದೆ, ಕೆಲವುದರ ನಡುವೆ "ಆರ್". ಬಲಗಡೆ ಎರಡು ಕೋರ್ಸಿನ ನಡುವೆ "ಆ್ಯಂಡ್" ಇದ್ದರೆ ಎರಡನ್ನೂ ಮುಗಿಸಿದರೆ ಮಾತ್ರ ಎಡಗಡೆಯ ಒಂದಕ್ಕೆ ಸಮ. ಒಂದೇ ಓದಿದರೆ ಅರ್ಧ ಸಿಗುತ್ತದೆ ಅಂತಲ್ಲ. ಆ ಸಾಲಿಗೆ ಏನೂ ಸಿಗುವುದಿಲ್ಲ.

ಅಕ್ಕನ ಮಗ ಒಂದು ಸಾಲಿನ ಮೇಲೆ ಬೆರಳಿಟ್ಟ. "ಚಿಕ್ಕಮ್ಮ, ಇಲ್ಲಿ ಬಲಗಡೆ ನೋ ಕೋರ್ಸ್ ಆರ್ಟಿಕ್ಯುಲೇಟೆಡ್ ಅಂತಿದೆ. ಅಂದ್ರೆ ಇದು ಓದೋದು ಬೇಡ್ವಾ?"

"ಬೇಡ ಅಂತಲ್ಲ ಕಣೋ. ಆ ಕಾಲೇಜಲ್ಲಿ ಇದಕ್ಕೆ ಸಮನಾದ ಕೋರ್ಸೇ ಇಲ್ಲ ಅಂತ. ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಅಲ್ಲೇ ಓದಬೇಕು. ಇಲ್ಲಾಂದ್ರೆ ಇದು ಇರೋ ಬೇರೆ ಕಾಲೇಜು ನೋಡಬೇಕು."

ಇಂಥ ಸಾಲು ಒಂದೋ ಎರಡೋ ಇದ್ದರೆ ಪರವಾಗಿಲ್ಲ. ನಿಮ್ಮ ಮೇಜರ್‌ಗೆ ನಾಲ್ಕೈದು ಇದ್ದರೆ ಆ ಕಾಲೇಜು ನಿಮಗಲ್ಲ, ಎಷ್ಟೇ ಹೆಸರಿದ್ದರೂ. ಕಾಲೇಜು ಆರಿಸುವುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಜನ ಊರು ನೋಡುತ್ತಾರೆ, ಹವಾಮಾನ ನೋಡುತ್ತಾರೆ, ಅಲ್ಲಿ ನೆಂಟರಿದ್ದಾರಾ ಅಂತ ನೋಡುತ್ತಾರೆ. ನೋಡಲಿ. ಆದರೆ ಈ ಪುಟ ನೋಡಿದ ಮೇಲೆ.

ಒಂದೇ ವಿಶ್ವವಿದ್ಯಾಲಯ ನಂಬಿಕೊಂಡು ಕೂರಬೇಡಿ. ಮೂರು ನಾಲ್ಕು ಆರಿಸಿ, ಒಂದೊಂದರ ಪುಟವನ್ನೂ ಪಿಡಿಎಫ್ ಮಾಡಿಟ್ಟುಕೊಂಡು ಪಕ್ಕ ಪಕ್ಕ ಇಡಿ. ಎಲ್ಲದರಲ್ಲೂ ಬರುವ ಕೋರ್ಸುಗಳೇ ನಿಮ್ಮ ಮೊದಲ ವರ್ಷ. ಕಂಪ್ಯೂಟರ್ ಸೈನ್ಸ್ ಅಂದರೆ ಕ್ಯಾಲ್ಕುಲಸ್, ಪ್ರೋಗ್ರಾಮಿಂಗ್, ಹೆಚ್ಚಿನ ಕಡೆ ಫಿಸಿಕ್ಸ್. ಒಂದರಲ್ಲಿ ಮಾತ್ರ ಇದ್ದು ಉಳಿದವುಗಳಲ್ಲಿ ಇಲ್ಲದ ಕೋರ್ಸನ್ನು ಎರಡನೇ ವರ್ಷಕ್ಕೆ ಬಿಡಿ. ಅಷ್ಟರಲ್ಲಿ ಎಲ್ಲಿಗೆ ಅನ್ನುವುದು ಇನ್ನೂ ಸ್ಪಷ್ಟವಾಗಿರುತ್ತದೆ. ಒಪ್ಪಂದ ವರ್ಷ ವರ್ಷ ಬದಲಾಗಬಹುದು. ನೀವು ಓದಿದ ವರ್ಷದ ಪುಟವನ್ನು ಅಳಿಸಬೇಡಿ.

ಜನರಲ್ ಎಜುಕೇಷನ್

ನಮ್ಮ ಮಕ್ಕಳಿಗೆ ಇದು ವಿಚಿತ್ರ ಅನ್ನಿಸುತ್ತದೆ. ಎಂಜಿನಿಯರಿಂಗ್ ಓದುವವನಿಗೆ ಇತಿಹಾಸ, ಭಾಷಣ, ಸಮಾಜಶಾಸ್ತ್ರ ಯಾಕೆ ಅಂತ. ಅಲ್ಲಿ ಡಿಗ್ರಿ ಅಂದರೆ ಅದೂ ಸೇರಿಯೇ. ಮೊದಲು ಸಿಎಸ್‌ಯುಗೆ ಒಂದು ಪಟ್ಟಿ, ಯುಸಿಗೆ ಇನ್ನೊಂದು ಪಟ್ಟಿ ಇತ್ತು. 2025ರ ಫಾಲ್‌ನಿಂದ, ಅಂದರೆ ಬೇಸಿಗೆ ರಜೆ ನಂತರದ ಟರ್ಮಿನಿಂದ, ಕಾಲೇಜು ಶುರು ಮಾಡುವವರಿಗೆ ಎರಡಕ್ಕೂ ಒಂದೇ ಪಟ್ಟಿ, ಹೆಸರು ಕ್ಯಾಲ್-ಗೆಟ್‌ಸಿ. ಒಟ್ಟು 11 ಕೋರ್ಸು, ಕನಿಷ್ಠ 34 ಸೆಮಿಸ್ಟರ್ ಯೂನಿಟ್. ಪ್ರತಿ ಕೋರ್ಸಿನಲ್ಲೂ ಕನಿಷ್ಠ ಸಿ ಗ್ರೇಡ್ ಬೇಕು. ಸಿ ಮೈನಸ್ ನಡೆಯುವುದಿಲ್ಲ. ಮುಗಿದ ಮೇಲೆ ಕಾಲೇಜಿನಿಂದ ಅದರ ಸರ್ಟಿಫಿಕೇಷನ್ ಕೇಳಿ ಪಡೆಯಬೇಕು. ನೀವು ಕೇಳದಿದ್ದರೆ ತಾನಾಗೇ ಹೋಗುತ್ತದೆ ಅಂದುಕೊಳ್ಳಬೇಡಿ.

ಇದರಲ್ಲಿ ನಾಲ್ಕನ್ನು ಮುಂದಕ್ಕೆ ತಳ್ಳಬೇಡಿ. ಇಂಗ್ಲಿಷ್ ಬರವಣಿಗೆ, ಮಾತು, ತರ್ಕಬದ್ಧ ಯೋಚನೆಯ ಕೋರ್ಸು, ಗಣಿತ. ಸಿಎಸ್‌ಯು ಕಡೆ ಈ ನಾಲ್ಕಕ್ಕೆ ಗೋಲ್ಡನ್ ಫೋರ್ ಅನ್ನುತ್ತಾರೆ. ಇವು ಮುಗಿಯದೆ ಮೂರನೇ ವರ್ಷಕ್ಕೆ ಪ್ರವೇಶವೇ ಇಲ್ಲ. ನಮ್ಮ ಹುಡುಗರು ಗಣಿತವನ್ನು ಮೊದಲ ಟರ್ಮಿನಲ್ಲೇ ಮುಗಿಸಿ, ಇಂಗ್ಲಿಷನ್ನೂ ಭಾಷಣವನ್ನೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ಭಯಕ್ಕೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಆ ಭಯ ಇರುವುದು ಸಹಜ. ಆದರೆ ಅಲ್ಲಿನ ಕಾಲೇಜುಗಳಲ್ಲಿ ಬರವಣಿಗೆ ತಿದ್ದಿಕೊಡುವ ಕೇಂದ್ರ ಇರುತ್ತದೆ, ಪುಕ್ಕಟೆ. ಪ್ರಬಂಧದ ಮೊದಲ ಕರಡು ತೆಗೆದುಕೊಂಡು ಹೋಗಿ ಕೂತರೆ ಪ್ಯಾರಾ ಪ್ಯಾರಾ ಹೇಳಿಕೊಡುತ್ತಾರೆ. ನಾನು ಕಲಿತದ್ದು ಅಲ್ಲೇ. ಮೊದಲ ಟರ್ಮಿನಲ್ಲೇ ಇಂಗ್ಲಿಷ್ ತೆಗೆದುಕೊಳ್ಳಿ. ಮುಂದಿನ ಎಲ್ಲ ಕೋರ್ಸಿಗೂ ಅದು ಬೇಕು.

ಎಂಜಿನಿಯರಿಂಗ್, ಫಿಸಿಕ್ಸ್, ಕೆಮಿಸ್ಟ್ರಿ ಥರದ ಮೇಜರ್‌ಗೆ ಯುಸಿಗೆ ಹೋಗುವವರು ಇಡೀ ಕ್ಯಾಲ್-ಗೆಟ್‌ಸಿ ಮುಗಿಸಲೇಬೇಕು ಅಂತ ಹಟ ಹಿಡಿಯಬೇಡಿ. ಅಲ್ಲಿ ಮೇಜರ್‌ಗೆ ಬೇಕಾದ ಗಣಿತ, ವಿಜ್ಞಾನದ ಕೋರ್ಸುಗಳನ್ನೇ ಮೊದಲು ನೋಡುತ್ತಾರೆ. ಜನರಲ್ ಎಜುಕೇಷನ್ ಉಳಿದರೆ ಹೋದ ಮೇಲೂ ಮುಗಿಸಬಹುದು. ಇತಿಹಾಸ ಚೆನ್ನಾಗಿ ಓದಿ ಫಿಸಿಕ್ಸ್ ಬಾಕಿ ಇಟ್ಟವರಿಗೆ ಎಂಜಿನಿಯರಿಂಗ್ ಸೀಟು ಸಿಗುವುದು ಕಷ್ಟ.

ಯೂನಿಟ್ಟಿನ ಲೆಕ್ಕ

ಮೂರನೇ ವರ್ಷಕ್ಕೆ ಸೇರಲು 60 ಸೆಮಿಸ್ಟರ್ ಯೂನಿಟ್ ಬೇಕು. ವರ್ಷವನ್ನು ಸೆಮಿಸ್ಟರ್‌ಗಿಂತ ಚಿಕ್ಕ ಟರ್ಮುಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿಯಾದರೆ 90. ಡಿ ಅಂಜಾ, ಅದರ ಜೊತೆಯ ಫುಟ್‌ಹಿಲ್ ಕ್ವಾರ್ಟರ್ ಪದ್ಧತಿಯವು. ಒಂದೂವರೆ ಕ್ವಾರ್ಟರ್ ಯೂನಿಟ್ ಒಂದು ಸೆಮಿಸ್ಟರ್ ಯೂನಿಟ್‌ಗೆ ಸಮ. ಕಮ್ಯುನಿಟಿ ಕಾಲೇಜಿನಿಂದ ಎಷ್ಟೇ ಓದಿದ್ದರೂ 70 ಸೆಮಿಸ್ಟರ್ ಯೂನಿಟ್‌ಗಿಂತ ಹೆಚ್ಚು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಚ್ಚು ಓದಿದ ಕೋರ್ಸು ಮೇಜರ್‌ನ ಸಾಲು ತುಂಬಲು ಉಪಯೋಗಕ್ಕೆ ಬರಬಹುದು, ಯೂನಿಟ್ ಮಾತ್ರ ಸೇರುವುದಿಲ್ಲ.

ಸರಣಿಯಾಗಿ ಬರುವ ಕೋರ್ಸುಗಳನ್ನು ಒಂದೇ ಕಾಲೇಜಿನಲ್ಲಿ ಮುಗಿಸಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಡಿ ಅಂಜಾದಲ್ಲಿ ಕ್ಯಾಲ್ಕುಲಸ್ ನಾಲ್ಕು ಭಾಗವಾಗಿದೆ, 1ಎ, 1ಬಿ, 1ಸಿ, 1ಡಿ. ಸೆಮಿಸ್ಟರ್ ಕಾಲೇಜುಗಳಲ್ಲಿ ಅದೇ ಪಾಠ ಸಾಮಾನ್ಯವಾಗಿ ಮೂರು ಭಾಗ. ಎರಡು ಭಾಗ ಇಲ್ಲಿ ಮುಗಿಸಿ, ಉಳಿದದ್ದನ್ನು ಬೇಸಿಗೆಯಲ್ಲಿ ಮನೆ ಹತ್ತಿರದ ಇನ್ನೊಂದು ಕಾಲೇಜಿನಲ್ಲಿ ಓದಿದರೆ ಒಂದರ ಕೊನೆ ಇನ್ನೊಂದರ ಮೊದಲಿಗೆ ಕೂಡುವುದಿಲ್ಲ. ನಡುವೆ ಕೆಲವು ಪಾಠ ಬಿಟ್ಟುಹೋಗುತ್ತವೆ, ಕೆಲವು ಎರಡು ಸಲ ಬರುತ್ತವೆ. ಅಸಿಸ್ಟ್ ಪುಟದಲ್ಲಿ "ಆ್ಯಂಡ್" ಹಾಕಿರುವುದು ಇದಕ್ಕೇ. ಫಿಸಿಕ್ಸ್, ಕೆಮಿಸ್ಟ್ರಿಯೂ ಹಾಗೇ.

ಪಿಯುಸಿಯಲ್ಲಿ ಕ್ಯಾಲ್ಕುಲಸ್ ಓದಿದ್ದೇವಲ್ಲ ಅಂತ ಕೇಳುತ್ತಾರೆ. ಪಿಯುಸಿಯನ್ನು ಅಲ್ಲಿ ಹೈಸ್ಕೂಲ್ ಅಂತಲೇ ಲೆಕ್ಕ ಹಾಕುವುದು, ಕ್ರೆಡಿಟ್ ಸಿಗುವುದಿಲ್ಲ. ಆದರೆ ಆ ಓದು ವ್ಯರ್ಥವಲ್ಲ. ಕೆಳಗಿನ ಗಣಿತ ಕೋರ್ಸುಗಳಿಲ್ಲದೆ ನೇರ ಕ್ಯಾಲ್ಕುಲಸ್‌ಗೆ ಕೂರಲು ಮಾರ್ಕ್ಸ್ ಕಾರ್ಡ್ ಸಹಾಯಕ್ಕೆ ಬರುತ್ತದೆ. ಒಳ್ಳೆಯ ಗ್ರೇಡ್ ತರಲೂ ಬರುತ್ತದೆ.

ಮೈಸೂರಿನಿಂದ ತೆಗೆದುಕೊಂಡು ಹೋಗಬೇಕಾದ ಕಾಗದಗಳು

ಇಲ್ಲಿ ಬಿ.ಎಸ್ಸಿ., ಬಿ.ಕಾಂ., ಬಿ.ಇ. ಒಂದೆರಡು ವರ್ಷ ಓದಿ ಬಿಟ್ಟವರು ಇದನ್ನು ಗಮನವಿಟ್ಟು ಓದಿ. ಅಲ್ಲಿ ಅರ್ಜಿ ಹಾಕುವಾಗ ಪಿಯುಸಿ ನಂತರ ಓದಿದ್ದನ್ನೆಲ್ಲ ಹೇಳಲೇಬೇಕು. ಫೇಲಾದ ಸಬ್ಜೆಕ್ಟ್ ಇದ್ದರೂ, ಒಂದೇ ಸೆಮಿಸ್ಟರ್ ಓದಿದ್ದರೂ. "ಅದ್ಯಾರಿಗೆ ಗೊತ್ತಾಗುತ್ತೆ, ಬಿಟ್ಟುಬಿಡಿ" ಅಂತ ಹೇಳುವವರಿದ್ದಾರೆ. ಅವರ ಮಾತು ಕೇಳಬೇಡಿ. ಮುಚ್ಚಿಟ್ಟದ್ದು ತಿಳಿದರೆ ಕೊಟ್ಟ ಸೀಟನ್ನೂ ರದ್ದು ಮಾಡಬಹುದು.

ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ್ದರೆ ಹೊರಡುವ ಮೊದಲೇ ಟ್ರಾನ್ಸ್‌ಕ್ರಿಪ್ಟ್‌ಗೆ, ಅಂದರೆ ಓದಿದ ವಿಷಯ, ಅಂಕಗಳ ಅಧಿಕೃತ ಪಟ್ಟಿಗೆ ಅರ್ಜಿ ಹಾಕಿ. ಸ್ವಾಯತ್ತ ಕಾಲೇಜಾಗಿದ್ದರೆ ಮೊದಲು ಆ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೇಳಿ. ಸೀಲು ಹಾಕಿದ ಲಕೋಟೆ ಒಂದಕ್ಕಿಂತ ಹೆಚ್ಚು ಮಾಡಿಸಿ. ಕಮ್ಯುನಿಟಿ ಕಾಲೇಜಿಗೊಂದು, ಆಮೇಲೆ ಸೇರುವ ವಿಶ್ವವಿದ್ಯಾಲಯಕ್ಕೊಂದು ಬೇಕಾಗುತ್ತದೆ. ಅಲ್ಲಿಗೆ ಹೋದ ಮೇಲೆ ಅಪ್ಪನನ್ನೋ ಮಾವನನ್ನೋ ಕಚೇರಿಗೆ ಓಡಾಡಿಸುವುದು ಅವರಿಗೂ ಕಷ್ಟ, ನಿಮಗೂ ಕಷ್ಟ. ಜೊತೆಗೆ ಓದಿದ ಪ್ರತಿ ವಿಷಯದ ಸಿಲೆಬಸ್ ಬೇಕು. ಹೆಸರು ಮಾತ್ರ ಸಾಲದು. ಪಾಠಗಳ ಪಟ್ಟಿ, ಗಂಟೆಗಳು, ಪ್ರಾಕ್ಟಿಕಲ್ ಇತ್ತಾ ಇಲ್ಲವಾ ಎಲ್ಲ ಇರುವಂಥದ್ದು. ವಿಭಾಗದವರಿಂದ ಸಹಿ, ಸೀಲು ಹಾಕಿಸಿಕೊಂಡು ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಈ ಇಲ್ಲಿನ ಓದಿಗೆ ಎಷ್ಟು ಕ್ರೆಡಿಟ್ ಸಿಗುತ್ತದೆ? ಕಮ್ಯುನಿಟಿ ಕಾಲೇಜುಗಳು ಸಾಮಾನ್ಯವಾಗಿ ಹೊರಗಿನ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿ ತನ್ನಿ ಅನ್ನುತ್ತವೆ. ಡಬ್ಲ್ಯುಇಎಸ್ ಅಂಥದ್ದೊಂದು ಸಂಸ್ಥೆ. ಯುಸಿಯವರು ಹಾಗಲ್ಲ, ಮೂಲ ಟ್ರಾನ್ಸ್‌ಕ್ರಿಪ್ಟ್ ತರಿಸಿ ತಾವೇ ನೋಡುತ್ತಾರೆ. ಹಾಗಾಗಿ ಯುಸಿಗೆ ಅಂತಲೇ ಮೌಲ್ಯಮಾಪನಕ್ಕೆ ದುಡ್ಡು ಸುರಿಯಬೇಡಿ. ಇಲ್ಲಿನ ಇಂಗ್ಲಿಷ್ ಪೇಪರ್ ಅಲ್ಲಿನ ಇಂಗ್ಲಿಷ್ ಕೋರ್ಸಿಗೆ ಸಮವಾಗುತ್ತದೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ. ಇಲ್ಲಿಯ ಓದಿನಿಂದ ಬಂದದ್ದು ಬರಲಿ, ಯೋಜನೆಯನ್ನು ಮಾತ್ರ ಅದು ಬಾರದೇ ಇದ್ದರೂ ನಡೆಯುವ ಹಾಗೆ ಹಾಕಿ.

ಇಲ್ಲಿ ಡಿಗ್ರಿಯನ್ನೇ ಮುಗಿಸಿದ್ದರೆ ಮಾತು ಬೇರೆ. ಎರಡನೇ ಬ್ಯಾಚುಲರ್ ಡಿಗ್ರಿಗೆ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಬಹುಮಟ್ಟಿಗೆ ಸೇರಿಸಿಕೊಳ್ಳುವುದಿಲ್ಲ, ನರ್ಸಿಂಗ್‌ನಂಥ ಕೆಲವನ್ನು ಬಿಟ್ಟರೆ. ಬಿ.ಇ. ಮುಗಿಸಿ ಗಂಡನ ಜೊತೆ ಹೋಗಿರುವ ಹೆಣ್ಣುಮಕ್ಕಳು ಇದನ್ನು ತಿಳಿದುಕೊಂಡೇ ಹೆಜ್ಜೆ ಇಡಬೇಕು. ನಿಮಗೆ ಮಾಸ್ಟರ್ಸ್ ದಾರಿಯೇ ಸರಿ. ಅದಕ್ಕೆ ಬೇಕಾದ ಒಂದೆರಡು ಕೋರ್ಸನ್ನು ಕಮ್ಯುನಿಟಿ ಕಾಲೇಜಿನಲ್ಲಿ ಓದಿಕೊಳ್ಳಬಹುದು.

ಇನ್ನೊಂದು ಕಾಗದ ಇದೆ. ಯಾರೂ ಹೇಳುವುದಿಲ್ಲ, ನಾನು ಎಲ್ಲರಿಗೂ ಹೇಳುತ್ತೇನೆ. ಕೆಲವು ಯುಸಿ ಡಿಗ್ರಿಗಳಿಗೆ ಇಂಗ್ಲಿಷ್ ಅಲ್ಲದೆ ಇನ್ನೊಂದು ಭಾಷೆ ಬರಬೇಕು ಅನ್ನುವ ನಿಯಮ ಇದೆ. ಅಲ್ಲಿನ ಮಕ್ಕಳು ಅದಕ್ಕಾಗಿ ಸ್ಪ್ಯಾನಿಶ್ ಕೋರ್ಸುಗಳನ್ನು ಓದುತ್ತಾರೆ. ಆರನೇ ತರಗತಿ ಅಥವಾ ಅದಕ್ಕಿಂತ ಮೇಲೆ ಎರಡು ವರ್ಷ ಇಂಗ್ಲಿಷ್ ಅಲ್ಲದ ಮಾಧ್ಯಮದ ಶಾಲೆಯಲ್ಲಿ ಓದಿದ್ದರೆ ಅದನ್ನೇ ಪುರಾವೆಯಾಗಿ ಒಪ್ಪಿಕೊಳ್ಳುವ ಅವಕಾಶ ಇದೆ. ಅಂದರೆ ಮದ್ದೂರು, ಪಾಂಡವಪುರದ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಒಂದೆರಡು ಕೋರ್ಸಿನ ಶ್ರಮವೂ ಫೀಸೂ ಉಳಿಯಬಹುದು. ಕನ್ನಡ ಮಾಧ್ಯಮದ ಪ್ರಮಾಣಪತ್ರ ನಮ್ಮಲ್ಲಿ ಸರ್ಕಾರಿ ಕೆಲಸದ ಮೀಸಲಾತಿಗೆ ಅಂತ ಮಾಡಿಸುತ್ತಾರಲ್ಲ, ಅದೇ. ಮುಖ್ಯೋಪಾಧ್ಯಾಯರ ಸಹಿ, ಬಿಇಒ ಕಚೇರಿಯ ಮೇಲುಸಹಿ ಇರುವಂಥದ್ದು. ಅದನ್ನು ಮಾಡಿಸಿ, ಅಧಿಕೃತ ಇಂಗ್ಲಿಷ್ ಅನುವಾದದ ಜೊತೆ ಇಟ್ಟುಕೊಳ್ಳಿ. ಕಾಲೇಜಿನಲ್ಲಿ ಕೋರ್ಸಿನ ಬಗ್ಗೆ ಸಲಹೆ ಕೊಡುವ ಕೌನ್ಸೆಲರ್ ಹತ್ತಿರ ನೀವೇ ಬಾಯಿಬಿಟ್ಟು ಕೇಳಬೇಕು. ಅವರಿಗೆ ನಿಮ್ಮ ಶಾಲೆಯ ವಿಷಯ ಗೊತ್ತಿರುವುದಿಲ್ಲ.

ವೀಸಾಕ್ಕೆ ತಕ್ಕ ಹಾಗೆ

ಎಫ್-1 ವೀಸಾದಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರು ಫಾಲ್, ಸ್ಪ್ರಿಂಗ್ ಟರ್ಮಿನಲ್ಲಿ ಕನಿಷ್ಠ 12 ಯೂನಿಟ್ ಓದಲೇಬೇಕು. ಆ 12ರಲ್ಲಿ ಆನ್‌ಲೈನ್ ಕೋರ್ಸು ಒಂದು ಮಾತ್ರ ಲೆಕ್ಕಕ್ಕೆ. ಕಷ್ಟ ಅಂತ ಒಂದು ಕೋರ್ಸು ಡ್ರಾಪ್ ಮಾಡಿ 12ಕ್ಕಿಂತ ಕೆಳಗೆ ಬಂದರೆ ವೀಸಾಕ್ಕೇ ತೊಂದರೆ. ಡ್ರಾಪ್ ಮಾಡುವ ಮೊದಲು ಇಂಟರ್‌ನ್ಯಾಷನಲ್ ಆಫೀಸಿನವರನ್ನು ಕೇಳಿ. ಹಾಗಾಗಿ 13-14 ಯೂನಿಟ್ ಇಟ್ಟುಕೊಳ್ಳುವುದು ಕ್ಷೇಮ. ವಿಶ್ವವಿದ್ಯಾಲಯಕ್ಕೆ ಹೋಗುವಾಗ ಕ್ರೆಡಿಟ್ ಜೊತೆ ಸರ್ಕಾರದ ವಿದೇಶಿ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸೆವಿಸ್‌ನಲ್ಲಿರುವ ನಿಮ್ಮ ದಾಖಲೆಯನ್ನೂ ಟ್ರಾನ್ಸ್‌ಫರ್ ಮಾಡಿಸಬೇಕು, ವಿದ್ಯಾರ್ಥಿ ವೀಸಾಕ್ಕೆ ಆಧಾರವಾದ ಐ-20 ಪತ್ರ ಹೊಸದಾಗಿ ಬರಬೇಕು. ಅದು ಬೇರೆ ಆಫೀಸು, ಬೇರೆ ಫಾರಂ.

ಫೀಸಿನ ವಿಷಯದಲ್ಲಿ ಕಣ್ಣುಮುಚ್ಚಿ ನಂಬಬೇಡಿ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. ಎಫ್-1 ವಿದ್ಯಾರ್ಥಿಗಳು ಅದರ ಮೇಲೆ ಹೊರಗಿನವರ ಟ್ಯೂಷನ್ ಕೂಡ ಕಟ್ಟಬೇಕು. ಅದು ಹಲವು ಪಟ್ಟು ಆಗುತ್ತದೆ. ಎಚ್-4ನಲ್ಲಿರುವವರು ಒಂದು ವರ್ಷ ಒಂದು ದಿನ ಅಲ್ಲಿ ವಾಸವಿದ್ದು ಪುರಾವೆ ತೋರಿಸಿದರೆ ನಿವಾಸಿ ದರ ಸಿಗುತ್ತದೆ. ನನಗೆ ಸಿಕ್ಕಿದ್ದು ಹಾಗೆ. ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು ಎಲ್ಲ ಮೊದಲ ದಿನದಿಂದಲೇ ಜೋಡಿಸಿಡಿ. ಎಚ್-4 ಮಕ್ಕಳಿಗೆ 21 ತುಂಬಿದರೆ ಆ ವೀಸಾ ಇರುವುದಿಲ್ಲ. ಓದಿನ ನಡುವೆ ಆ ಹುಟ್ಟುಹಬ್ಬ ಬರುವುದಾದರೆ ಮೊದಲೇ ತಯಾರಿ ಬೇಕು.

ಅರ್ಜಿ, ಗ್ಯಾರಂಟಿ

ಎರಡು ಥರದ ಗ್ಯಾರಂಟಿ ಇದೆ. ಎರಡಕ್ಕೂ ಮಿತಿ ಇದೆ. ಟ್ಯಾಗ್ ಅನ್ನುವುದು ಯುಸಿಯದ್ದು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರರಲ್ಲಿ ಒಂದಕ್ಕೆ ಸೆಪ್ಟೆಂಬರ್ ತಿಂಗಳಲ್ಲಿ ಅರ್ಜಿ ಹಾಕಬಹುದು. ಅವರು ಹೇಳಿದ ಕೋರ್ಸು, ಗ್ರೇಡು ಎಲ್ಲ ಇದ್ದರೆ ಸೀಟು ಖಚಿತ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋದಲ್ಲಿ ಟ್ಯಾಗ್ ಇಲ್ಲ. ಇರುವ ಕಡೆಯೂ ಎಲ್ಲ ಮೇಜರ್‌ಗೂ ಇಲ್ಲ. ಸಾಂಟಾ ಬಾರ್ಬರಾದ ಎಂಜಿನಿಯರಿಂಗ್‌ಗೆ ಇಲ್ಲ. ಎಡಿಟಿ ಅನ್ನುವುದು ಸಿಎಸ್‌ಯುಗೆ. 2010ರ ಕಾನೂನಿನಿಂದ ಬಂದ ಟ್ರಾನ್ಸ್‌ಫರ್ ಡಿಗ್ರಿ ಇದು. ಇದನ್ನು ಮುಗಿಸಿದರೆ ಸಿಎಸ್‌ಯುನಲ್ಲಿ ಎಲ್ಲಾದರೂ ಒಂದು ಕಡೆ ಸೀಟು ಖಚಿತ, ಹೊಂದುವ ಮೇಜರ್‌ನಲ್ಲಿ ಇನ್ನು 60 ಯೂನಿಟ್‌ಗೆ ಡಿಗ್ರಿ. "ಎಲ್ಲಾದರೂ" ಅನ್ನುವುದನ್ನು ಗಮನಿಸಿ. ನೀವು ಕೇಳಿದ ಕ್ಯಾಂಪಸ್ಸೇ ಅಂತಲ್ಲ.

ಯುಸಿ ಅರ್ಜಿ ಅಕ್ಟೋಬರ್ 1ಕ್ಕೆ ಶುರುವಾಗಿ ನವೆಂಬರ್ ಕೊನೆಯವರೆಗೆ ಇರುತ್ತದೆ. ಸಿಎಸ್‌ಯು ಕೂಡ ಹೆಚ್ಚುಕಡಿಮೆ ಅದೇ ಸಮಯ. ಅಂದರೆ ಸೇರುವುದಕ್ಕೆ ಮುಂಚಿನ ವರ್ಷದ ದಸರಾ, ದೀಪಾವಳಿ ಹೊತ್ತಿಗೇ ಅರ್ಜಿ ಹೋಗಬೇಕು. ಯುಸಿಗೆ ಕನಿಷ್ಠ ಜಿಪಿಎ, ಅಂದರೆ 4ಕ್ಕೆ ಎಣಿಸುವ ಗ್ರೇಡುಗಳ ಸರಾಸರಿ, ಅಲ್ಲಿನ ನಿವಾಸಿಗಳಿಗೆ 2.4, ಹೊರಗಿನವರಿಗೆ 2.8. ಒಳ್ಳೆಯ ಮೇಜರ್‌ಗೆ ಇದರಿಂದ ಏನೂ ಆಗುವುದಿಲ್ಲ, ಅದಕ್ಕಿಂತ ಎಷ್ಟೋ ಮೇಲಿರಬೇಕು. ಎಸ್‌ಎಟಿ ಪ್ರವೇಶ ಪರೀಕ್ಷೆ ಬೇಡ. ಜನವರಿಯಲ್ಲಿ ಯುಸಿಯವರು ಹೊಸ ಗ್ರೇಡುಗಳನ್ನು ತುಂಬಿ ಅಂತ ಕೇಳುತ್ತಾರೆ. ಆ ಮೇಲ್ ಸ್ಪ್ಯಾಮ್‌ಗೆ ಹೋಗಿರಬಹುದು, ನೋಡಿಕೊಳ್ಳಿ.

ಬೇರೆ ರಾಜ್ಯಕ್ಕೆ ಹೋಗುವವರಿಗೆ ಒಂದು ಮಾತು. ಅಸಿಸ್ಟ್ ಕ್ಯಾಲಿಫೋರ್ನಿಯಾಕ್ಕೆ ಮಾತ್ರ. ಫ್ಲಾರಿಡಾದಲ್ಲಿ ಇಡೀ ರಾಜ್ಯಕ್ಕೆ ಒಂದೇ ಕೋರ್ಸ್ ನಂಬರ್ ಪದ್ಧತಿ ಇದೆ, ಹೋಲಿಸುವುದು ಸುಲಭ. ಟೆಕ್ಸಾಸ್‌ನಲ್ಲಿ 42 ಗಂಟೆಯ ಕೋರ್ ಪಟ್ಟಿ ಇದೆ, ಅದನ್ನು ಪೂರ್ತಿ ಮುಗಿಸಿದರೆ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಇಡಿಯಾಗಿ ಒಪ್ಪುತ್ತವೆ. ಒಂದು ರಾಜ್ಯದ ಕಮ್ಯುನಿಟಿ ಕಾಲೇಜಿನಿಂದ ಇನ್ನೊಂದು ರಾಜ್ಯದ ವಿಶ್ವವಿದ್ಯಾಲಯಕ್ಕೆ ಹೋಗುವುದು ಮಾತ್ರ ಕಷ್ಟದ ದಾರಿ. ಆ ಒಪ್ಪಂದಗಳು ಗಡಿ ದಾಟುವುದಿಲ್ಲ.

ಕೌನ್ಸೆಲರ್ ಬಾಯಿಮಾತು ಸಾಲದು

ಪ್ರತಿ ಟರ್ಮಿಗೂ ಮುಂಚೆ ಟ್ರಾನ್ಸ್‌ಫರ್ ಕೌನ್ಸೆಲರ್ ಭೇಟಿ ಮಾಡಿ. ಹೆಚ್ಚಿನವರು ಪ್ರೀತಿಯಿಂದ ಸಹಾಯ ಮಾಡುತ್ತಾರೆ. ಆದರೆ ಒಬ್ಬೊಬ್ಬರ ಮೇಲೆ ನೂರಾರು ವಿದ್ಯಾರ್ಥಿಗಳ ಹೊರೆ. ನನ್ನ ಗೆಳತಿಯೊಬ್ಬಳಿಗೆ ಒಂದು ಕಾಲೇಜಿನಲ್ಲಿ "ಈ ಸ್ಟ್ಯಾಟಿಸ್ಟಿಕ್ಸ್ ಸಾಕು" ಅಂದರು. ಅವಳು ಹೋಗಬೇಕೆಂದಿದ್ದ ಬಿಸಿನೆಸ್ ಮೇಜರ್‌ಗೆ ಕ್ಯಾಲ್ಕುಲಸ್ ಕೂಡ ಬೇಕಿತ್ತು. ತಿಳಿಯುವಷ್ಟರಲ್ಲಿ ಒಂದು ವರ್ಷ ಹಿಂದೆ ಬಿದ್ದಿದ್ದಳು. ಹೇಳಿದವರ ಮಾತಿಗೆ ಯಾವ ದಾಖಲೆಯೂ ಇರಲಿಲ್ಲ.

ಅದಕ್ಕೇ, ಭೇಟಿ ಮುಗಿದ ದಿನವೇ ಒಂದು ಮೇಲ್ ಬರೆಯಿರಿ. "ಇವತ್ತು ನಾವು ಮಾತಾಡಿದ್ದು ಹೀಗೆ. ಈ ವಿಶ್ವವಿದ್ಯಾಲಯದ ಈ ಮೇಜರ್‌ಗೆ ಮುಂದಿನ ಟರ್ಮಿನಲ್ಲಿ ಈ ಕೋರ್ಸುಗಳು. ಸರಿ ತಾನೇ?" ಅಂತ. ಅವರ ಉತ್ತರ ಜೋಪಾನ. ಎಜುಕೇಷನ್ ಪ್ಲಾನ್ ಅಂತ ಕಾಲೇಜಿನ ಸಿಸ್ಟಂನಲ್ಲೇ ತುಂಬಿಸಿಕೊಳ್ಳಿ. ಹಾಗೇ ನೀವು ಹೋಗಬೇಕೆಂದಿರುವ ವಿಶ್ವವಿದ್ಯಾಲಯದ ಪ್ರತಿನಿಧಿಗಳು ಕಾಲೇಜುಗಳಿಗೆ ಬರುತ್ತಾರೆ, ಅವರನ್ನೂ ಕೇಳಿ. ಸೇರಿಸಿಕೊಳ್ಳುವವರು ಅವರೇ ಅಲ್ವಾ?

ಸೀಟು ಸಿಕ್ಕ ಮೇಲೂ ಕೆಲಸ ಇದೆ

ಅಡ್ಮಿಷನ್ ಬಂದ ಖುಷಿಯಲ್ಲಿ ಕೊನೆಯ ಟರ್ಮ್ ಹಗುರ ಮಾಡಿಕೊಳ್ಳಬೇಡಿ. ಅರ್ಜಿಯಲ್ಲಿ ಓದುತ್ತೇನೆ ಅಂತ ಬರೆದ ಕೋರ್ಸನ್ನು ಬಿಟ್ಟರೆ ಅಥವಾ ಗ್ರೇಡು ಬಿದ್ದರೆ ಅಡ್ಮಿಷನ್ ವಾಪಸ್ ಹೋಗಬಹುದು. ಯುಸಿಗೆ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಜುಲೈ 1ರೊಳಗೆ ತಲುಪಬೇಕು. ನೀವು ಒಂದೇ ಒಂದು ಕೋರ್ಸು ಓದಿದ ಕಾಲೇಜು ಇದ್ದರೂ ಅಲ್ಲಿಂದಲೂ ಟ್ರಾನ್ಸ್‌ಕ್ರಿಪ್ಟ್ ಹೋಗಬೇಕು.

ಆಮೇಲೆ ವಿಶ್ವವಿದ್ಯಾಲಯದವರು ನಿಮ್ಮ ಕೋರ್ಸುಗಳನ್ನು ಹಾಕಿ ಒಂದು ವರದಿ ಕೊಡುತ್ತಾರೆ. ಯಾವ ಕೋರ್ಸು ಎಲ್ಲಿ ಕೂತಿದೆ ಅಂತ ಅದರಲ್ಲಿ ಕಾಣುತ್ತದೆ. ಅದನ್ನು ನಿಮ್ಮ ಅಸಿಸ್ಟ್ ಪಿಡಿಎಫ್ ಪಕ್ಕ ಇಟ್ಟು ಸಾಲು ಸಾಲು ನೋಡಿ. ಮೇಜರ್‌ಗೆ ಬರಬೇಕಾದದ್ದು ಎಲೆಕ್ಟಿವ್‌ಗೆ ಹೋಗಿದ್ದರೆ ಸುಮ್ಮನಿರಬೇಡಿ. ಅದನ್ನು ಸರಿಪಡಿಸಲು ಪಿಟಿಷನ್ ಅಂತ ಒಂದು ಅರ್ಜಿ ಇದೆ. ಒಪ್ಪಂದದ ಪುಟ ಇದ್ದರೆ ಅದನ್ನೇ ಲಗತ್ತಿಸಿ. ಒಪ್ಪಂದ ಇಲ್ಲದ ಕೋರ್ಸಾದರೆ ಸಿಲೆಬಸ್, ಪಠ್ಯಪುಸ್ತಕದ ಹೆಸರು, ನೀವು ಮಾಡಿದ ಅಸೈನ್‌ಮೆಂಟು, ಲ್ಯಾಬ್ ರಿಪೋರ್ಟ್ ಕೊಡಿ. ಕಮ್ಯುನಿಟಿ ಕಾಲೇಜಿನ ಪ್ರತಿ ಸಿಲೆಬಸ್ಸನ್ನೂ ಟರ್ಮ್ ಮುಗಿದ ದಿನವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ ಅನ್ನುವುದು ಇದಕ್ಕೇ. ಕಾಲೇಜು ಬಿಟ್ಟ ಮೇಲೆ ಆ ಪುಟಕ್ಕೆ ಲಾಗಿನ್ ಆಗುವುದಿಲ್ಲ.

ಕೋರ್ಸು ಮೇಜರ್‌ನದ್ದಾದರೆ ಪಿಟಿಷನ್ ನೋಡುವವರು ಆ ವಿಭಾಗದ ಪ್ರಾಧ್ಯಾಪಕರು. ಜನರಲ್ ಎಜುಕೇಷನ್ ಆದರೆ ಬೇರೆ ಆಫೀಸು. ಮೊದಲು ಯಾರ ಹತ್ತಿರ ಹೋಗಬೇಕು ಅಂತ ವಿಭಾಗದ ಅಡ್ವೈಸರನ್ನು ಕೇಳಿ, ಸೇರಿದ ಮೊದಲ ಟರ್ಮಿನಲ್ಲೇ ಹಾಕಿ. ಉತ್ತರ ಬರುವವರೆಗೆ ಅದೇ ಕೋರ್ಸಿಗೆ ಮತ್ತೆ ಹೆಸರು ಕೊಡಬೇಡಿ.